ರಹದಾರಿಯೂ ಒತ್ತೆಯೂ

ಎರಡು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಾಯಂಕಾಲ, ಪರ್ಕಳದಲ್ಲಿ ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಅಚ್ಚಾದ ಒಂದು ಕಾಗದವನ್ನು ಹಿಡಿದುಕೊಂಡು ನನ್ನ ಜಗಲಿಗೆ ಬಂದರು. ಸಮುದ್ರದಾಚೆ ದೂರದೇಶವೊಂದರಲ್ಲಿ ನೆಲಸಿರುವ ಮಗಳು ಹೆತ್ತ ಮೊದಲ ಮಗುವನ್ನು ನೋಡಿ ಬರುವುದಕ್ಕಾಗಿ ಅವರು ಆರು ವಾರಗಳ ವೀಸಾ ಬೇಡಿದ್ದರು. ಅರ್ಜಿಯನ್ನು ತುಂಬಿಸಿಕೊಟ್ಟವನು ನಾನೇ. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದುದೂ ಆಗಿತ್ತು. ಆ ದೇಶದ ಅಧಿಕಾರಿಯ ಉತ್ತರವು ಈಗ ಬಂದಿತ್ತು. ಅರ್ಜಿದಾರರು ಗಡುವು ಮುಗಿದ ಮೇಲೆ ಸ್ವದೇಶಕ್ಕೆ ಮರಳುವರೆಂಬುದರಲ್ಲಿ ತಮಗೆ ನಂಬಿಕೆಯುಂಟಾಗಲಿಲ್ಲವಾದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂಬುದು ಅದರ ತಾತ್ಪರ್ಯ. ನಾನು ಅದನ್ನು ಕನ್ನಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ನಾನು ಅಲ್ಲಿಯೇ ಕೂತುಬಿಡ್ತೇನೆ ಅಂತ ಅವರಿಗೆ ಹೇಳಿದವರು ಯಾರು ಮಾಸ್ಟ್ರೇ? ನನ್ನ ಮನೆ ಇಲ್ಲಿಲ್ಲವಾ?" ಎಂದು ಕೇಳಿದರು.

ಈ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ನಾಡಿನವನು ಇನ್ನೊಂದು ನಾಡಿನ ಬಾಗಿಲಲ್ಲಿ ನಿಂತು "ಒಳಗೆ ಬರಬಹುದೇ?" ಎಂದು ಕೇಳುವ ಪದ್ಧತಿಯು ನಮ್ಮ ಕಡಲತೀರದಲ್ಲಿ ಹಿಂದೆ ಹೇಗಿತ್ತು, ಈಗಿನ ಸ್ಥಿತಿಗೆ ಅದು ಹೇಗೆ ಬಂದಿತು ಎಂಬುದನ್ನು ಹುಡುಕುವುದಕ್ಕೆ ಆ ಪ್ರಶ್ನೆಯೇ ಕಾರಣವಾಯಿತು. ಹಾಗೆ ಹುಡುಕಿದುದರ ಫಲವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಎರಡು ಶಬ್ದಗಳ ವಿಚಾರ. ನಮ್ಮ ಹಿರಿಯರು ಇಂಥ ಪರವಾನಗಿಪತ್ರವನ್ನು ರಹದಾರಿ ಎಂದು ಕರೆಯುತ್ತಿದ್ದರು. ಪಾರಸಿಯಲ್ಲಿ ರಾಹ ಎಂದರೆ ದಾರಿ. ಮೊಗಲರ ಆಡಳಿತದಲ್ಲಿ ರಾಹದಾರಿ ಎಂದರೆ ದಾರಿಗಾವಲಿಗಾಗಿ ತೆಗೆದುಕೊಳ್ಳುತ್ತಿದ್ದ ಸುಂಕ. ಕನ್ನಡದಲ್ಲಿ ಅದು ದಾರಿಯನ್ನು ಬಿಡಿಸಿಕೊಡುವ ಕಾಗದವೆಂಬ ಅರ್ಥವನ್ನು ಪಡೆಯಿತು. ವೀಸಾ ಎಂಬುದು ಲ್ಯಾಟಿನ್ ಮೂಲದ್ದು. 'ನೋಡಲಾಗಿದೆ' ಎಂದು ಅದರ ಅರ್ಥ. ಅಂದರೆ ಸ್ವದೇಶದ ಸರಕಾರವು ಕೊಟ್ಟ ಪಾಸ್‌ಪೋರ್ಟನ್ನು ಪರದೇಶದ ಅಧಿಕಾರಿಯು ನೋಡಿ ಒಪ್ಪಿದನೆಂಬುದಕ್ಕೆ ಗುರುತು. ಒಂದು ಶಬ್ದದಲ್ಲಿ ದಾರಿಯ ಮಾತಿದೆ, ಇನ್ನೊಂದರಲ್ಲಿ ಕಣ್ಣಿನ ಮಾತಿದೆ. ಅಪರಿಚಿತನನ್ನು ನಂಬುವುದು ಹೇಗೆಂಬ ಪ್ರಶ್ನೆಯಾದರೋ ಎರಡಕ್ಕೂ ಸಮಾನವಾದುದು.

ಈ ಪ್ರಶ್ನೆಗೆ ನಮ್ಮ ತೀರದಲ್ಲಿ ದೊರೆತ ಅತ್ಯಂತ ವಿಸ್ಮಯಕರವಾದ ಉತ್ತರವು ಪರ್ಕಳದಿಂದ ಒಂದು ದಿನದ ಕಾಲ್ನಡಿಗೆಯಷ್ಟು ದೂರದಲ್ಲಿರುವ ಬಾರ್ಕೂರಿನದು. ಆಳುಪರ ರಾಜಧಾನಿಯಾಗಿಯೂ ಮುಂದೆ ವಿಜಯನಗರದ ಅಧಿಕಾರಿಗಳ ಪೀಠವಾಗಿಯೂ ಇದ್ದ ಆ ಪಟ್ಟಣವು ಈಗ ಗದ್ದೆ ತೋಟಗಳ ನಡುವೆ ಶಾಂತವಾಗಿ ಮಲಗಿದೆ. ಇಬ್ನ್ ಬತೂತನೆಂಬ ಮೊರಾಕೊ ದೇಶದ ಯಾತ್ರಿಕನು ೧೩೪೨ರಲ್ಲಿ ದಿಲ್ಲಿಯ ಸುಲ್ತಾನ ಮುಹಮ್ಮದ್ ತುಘಲಕನ ರಾಯಭಾರಿಯಾಗಿ ಚೀಣಕ್ಕೆ ಹೊರಟವನು, ಪಡುಗಡಲ ತೀರವನ್ನು ಹಿಡಿದು ತೆಂಕಮುಖವಾಗಿ ಬರುತ್ತ ಈ ಊರಿನ ಬಂದರನ್ನು ಮುಟ್ಟಿದನು. ಅವನ ಬರಹದಲ್ಲಿ ಬಾರ್ಕೂರು ಫಾಕನೂರು ಎಂದಾಗಿದೆ. ಅಲ್ಲಿಯ ಅರಸನನ್ನು ಅವನು ಬಾಸದೇವನೆಂದು ಕರೆದಿದ್ದಾನೆ. ಈ ಅರಸನಿಗೆ ಸುಮಾರು ೩೦ ಯುದ್ಧನೌಕೆಗಳಿದ್ದುವಂತೆ.

ಆ ಕಾಲದ ಕಟ್ಟಳೆಯನ್ನು ಇಬ್ನ್ ಬತೂತನು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಬಂದರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗವೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸತಕ್ಕದ್ದು. ಇದಕ್ಕೆ ಬಂದರಿನ ಹಕ್ಕೆಂದು ಹೆಸರು. ಒಪ್ಪಿಸದೆ ಸಾಗಿದ ಹಡಗವನ್ನು ಅರಸನ ನೌಕೆಗಳು ಬೆನ್ನಟ್ಟಿ, ಬಲಾತ್ಕಾರದಿಂದ ಬಂದರಿಗೆ ತಂದು, ಸುಂಕವನ್ನು ಇಮ್ಮಡಿಯಾಗಿ ವಸೂಲು ಮಾಡಿ, ಮನಬಂದಷ್ಟು ದಿನ ತಡೆದಿಡುತ್ತಿದ್ದುವು. ಇಲ್ಲಿಯವರೆಗೆ ಇದು ಬಲವುಳ್ಳವನ ಸಾಮಾನ್ಯ ನೀತಿಯೇ. ವಿಸ್ಮಯವಿರುವುದು ಮುಂದಿನ ಸಂಗತಿಯಲ್ಲಿ. ರಾಯಭಾರಿಯು ಹಡಗದಿಂದ ಇಳಿಯುವ ಮೊದಲು ಬಾರ್ಕೂರಿನ ಅರಸನು ತನ್ನ ಮಗನನ್ನು ಹಡಗಕ್ಕೆ ಕಳುಹಿಸಿ ಒತ್ತೆಯಾಗಿ ಇರಿಸಿದನು. ಆ ಮೇಲೆಯೇ ಅತಿಥಿಗಳು ನೆಲದ ಮೇಲೆ ಕಾಲಿಟ್ಟು, ಮೂರು ದಿನ ಅರಸನ ಆತಿಥ್ಯವನ್ನು ಸ್ವೀಕರಿಸಿ ಮುಂದೆ ಸಾಗಿದರು.

ಮಂಗಳೂರಿನಲ್ಲಿಯೂ ಹಾಗೆಯೇ ನಡೆಯಿತು. ಅಲ್ಲಿ ಆಗ ಸುಮಾರು ೪,೦೦೦ ಮಂದಿ ಮುಸಲ್ಮಾನರು ನೆಲಸಿದ್ದರೆಂದೂ, ಪಾರಸ ಯೆಮೆನ್ ದೇಶಗಳ ದೊಡ್ಡ ವರ್ತಕರು ಅಲ್ಲಿಗೆ ಬರುತ್ತಿದ್ದರೆಂದೂ ಅವನು ಹೇಳುತ್ತಾನೆ. ಊರಿನ ಕಾಜಿಯೇ ಹಡಗವನ್ನೇರಿ ಬಂದು ಇಳಿಯಿರೆಂದು ಆಮಂತ್ರಿಸಿದರೂ, ಅರಸನು ಮಗನನ್ನು ಒತ್ತೆಯಾಗಿ ಕಳುಹಿಸದೆ ಇಳಿಯಲಾರೆವೆಂದು ಇವರು ಹಟ ಹಿಡಿದರು. ಬಾರ್ಕೂರಿನಲ್ಲಿ ಮುಸಲ್ಮಾನರಿಗೆ ಬಲವಿಲ್ಲದ್ದರಿಂದ ಅಲ್ಲಿ ಒತ್ತೆ ಬೇಕಾಯಿತು, ಇಲ್ಲಿ ಅರಸನೇ ನಮಗೆ ಅಂಜುವನು ಎಂದು ಕಾಜಿಯು ಸಮಾಧಾನ ಹೇಳಿದರೂ ಕೇಳಲಿಲ್ಲ. ಕಡೆಗೆ ಅರಸನ ಮಗನು ಬಂದು ಹಡಗದಲ್ಲಿ ಕುಳಿತನು. ಅತಿಥಿಗಳು ಇಳಿದು ಮೂರು ದಿನ ನಿಂತರು.

ಇದರಿಂದ ತಿಳಿಯಬರುವುದೇನು? ಬರುವವನಿಗೂ ಬರಮಾಡಿಕೊಳ್ಳುವವನಿಗೂ ಪರಸ್ಪರ ಭಯವಿದ್ದಲ್ಲಿ ನಡುವೆ ಒಂದು ಒತ್ತೆ ಬೇಕಾಗುತ್ತದೆ. ಬಾರ್ಕೂರಿನಲ್ಲಿ ಆ ಒತ್ತೆಯನ್ನು ಕೊಟ್ಟವನು ಮನೆಯ ಯಜಮಾನನೇ ಹೊರತು ಅತಿಥಿಯಲ್ಲ. ದಿಲ್ಲಿಯ ಸುಲ್ತಾನನ ಹೆಸರು ಬೆನ್ನ ಹಿಂದೆ ಇದ್ದುದರಿಂದ ಮತ್ತು ಹಡಗದಲ್ಲಿ ಯೋಧರು ಇದ್ದುದರಿಂದ ಇಂಥ ಮರ್ಯಾದೆ ದೊರೆಯಿತೆಂಬುದು ನಿಜ. ಸಾಮಾನ್ಯ ವರ್ತಕನಿಗೆ ಅರಸುಮಗನು ಒತ್ತೆಯಾಗಿ ಬರುತ್ತಿರಲಿಲ್ಲ. ಆದರೂ ಒತ್ತೆಯ ಭಾರವು ಯಾವಾಗಲೂ ಅತಿಥಿಯ ಮೇಲೆಯೇ ಇರತಕ್ಕದ್ದೆಂಬ ನಿಯಮವು ಆಗ ಇರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಮುಂದಿನ ಇತಿಹಾಸವನ್ನು ಈ ಒತ್ತೆಯು ಕೈಯಿಂದ ಕೈಗೆ ದಾಟಿದ ಕಥೆಯೆಂದು ಓದಬಹುದು.

ಒಂದು ನೂರು ವರ್ಷ ಕಳೆದ ಮೇಲೆ ಇದೇ ತೀರಕ್ಕೆ ಇನ್ನೊಬ್ಬ ರಾಯಭಾರಿ ಬಂದನು. ಹೆರಾತಿನ ದೊರೆ ಶಾಹರುಖನ ಕಡೆಯಿಂದ ಕಲ್ಲಿಕೋಟೆಗೆ ಬಂದಿದ್ದ ಅಬ್ದುರ್ ರಜಾಕನನ್ನು ವಿಜಯನಗರದ ಇಮ್ಮಡಿ ದೇವರಾಯನು ತನ್ನ ಬಳಿಗೆ ಕರೆಯಿಸಿಕೊಂಡನು. ೧೪೪೩ರಲ್ಲಿ ಅವನು ಮಂಗಳೂರಿನಲ್ಲಿ ಇಳಿದು, ಘಟ್ಟವನ್ನು ಹತ್ತಿ ರಾಜಧಾನಿಯನ್ನು ಸೇರಿದನು. ಅಲ್ಲಿ ಅವನಿಗೆ ದಿನವೊಂದಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ನೇಮಕವಾಗಿತ್ತು. ಇಷ್ಟು ಆದರವು ಅವನ ಕೈಯಲ್ಲಿದ್ದ ಪತ್ರಕ್ಕೆ ಸಂದ ಆದರ. ಹೊರ್ಮುಜಿನ ಕೆಲವರು ಅಸೂಯೆಯಿಂದ, ಇವನು ನಿಜವಾಗಿ ಶಾಹರುಖನು ಕಳುಹಿಸಿದವನಲ್ಲವೆಂಬ ಸುದ್ದಿಯನ್ನು ಹಬ್ಬಿಸಿದಾಗ ಅದೇ ಆದರವು ಇಳಿದುಹೋಯಿತು. ಕಡೆಗೆ ದೇವರಾಯನು ಈ ಸಂಶಯವನ್ನು ಅವನ ಮುಂದೆಯೇ ಆಡಿ ತೋರಿಸಿ, ಬೀಳ್ಕೊಟ್ಟನು. ೧೪೪೪ರ ಜನವರಿಯಲ್ಲಿ ಹೊನ್ನಾವರದಲ್ಲಿ ಹಡಗನ್ನೇರಿದ ಈ ಗೌರವಾನ್ವಿತನು ಕಾಗದವು ಸುಳ್ಳೆಂಬ ಒಂದು ಗಾಳಿಮಾತಿನಿಂದ ಎಷ್ಟು ಬೇಗ ಸಂಶಯಾಸ್ಪದನಾದನೆಂಬುದು ಗಮನಾರ್ಹವಾಗಿದೆ. ಇಲ್ಲಿ ಒತ್ತೆಯೆಂದರೆ ಕಳುಹಿಸಿದ ದೊರೆಯ ಹೆಸರು. ಆ ಹೆಸರು ಅಲುಗಾಡಿದೊಡನೆ ಅತಿಥಿಯೂ ಅಲುಗಾಡಿದನು.

ಇವರಿಬ್ಬರೂ ರಾಯಭಾರಿಗಳು. ವರ್ತಕರನ್ನು ಕೇಳುತ್ತಿದ್ದ ಪ್ರಶ್ನೆ ಬೇರೆ: ಏನು ತಂದೆ, ಎಷ್ಟು ತಂದೆ ಎಂಬುದು. ಸುಂಕದಕಟ್ಟೆ ಎಂಬ ಹೆಸರಿನ ಸ್ಥಳಗಳು ಕರ್ಣಾಟಕದಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿವೆ. ಆ ಕಟ್ಟೆಗಳಲ್ಲಿ ತೂಕಕ್ಕೆ ಬರುತ್ತಿದ್ದುದು ಹೇರು. ಪರದೇಶದಿಂದ ಬಂದು ಬಹುಕಾಲ ನಿಂತವರೂ ಇದ್ದರು. ಅಬ್ರಹಾಂ ಬೆನ್ ಯಿಜೂ ಎಂಬ ಯೆಹೂದಿ ವರ್ತಕನು ಹನ್ನೆರಡನೆಯ ಶತಮಾನದಲ್ಲಿ, ಸುಮಾರು ೧೧೩೨ರಿಂದ ೧೧೪೯ರ ವರೆಗೆ, ಮಂಗಳೂರಿನಲ್ಲಿ ನೆಲಸಿ ವ್ಯಾಪಾರ ಮಾಡಿದ ಸಂಗತಿಯು ಕೈರೋ ನಗರದ ಹಳೆಯ ಸಿನೆಗಾಗಿನಲ್ಲಿ ದೊರೆತ ಪತ್ರಗಳಿಂದ ತಿಳಿದುಬಂದಿದೆ.

ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ಈ ಪದ್ಧತಿಯನ್ನು ಬುಡಮೇಲು ಮಾಡಿದರು. ಅವರು ಅತಿಥಿಗಳಾಗಿ ಬಂದು ಕಡಲಿಗೇ ಯಜಮಾನರೆಂದು ಸಾರಿಕೊಂಡರು. ೧೫೦೨ರಿಂದ ಮೊದಲಾಗಿ ಅವರು ಕರ್ತಾಜ್ ಎಂಬ ಪರವಾನಗಿಯನ್ನು ಹೊರಡಿಸಿದರು. ಈ ಶಬ್ದದ ಮೂಲವು ಕಾಗದವೆಂಬ ಅರ್ಥದ ಅರಬಿ ಮಾತು. ಹಡಗದ ಹೆಸರು, ಅದರ ಗಾತ್ರ, ನಾಖುದನ ಹೆಸರು, ಹೋಗುವ ಬಂದರು, ಒಯ್ಯುವ ಆಯುಧ ಇವೆಲ್ಲವೂ ಅದರಲ್ಲಿ ದಾಖಲಾಗುತ್ತಿದ್ದುವು. ಹೊರಡುವಾಗ ಪೋರ್ತುಗೀಜ್ ಕೋಟೆಯನ್ನು ಮುಟ್ಟಿ ಸುಂಕ ತೆರಬೇಕು. ಮರಳುವಾಗಲೂ ಅಲ್ಲಿಗೆ ಬಂದು ಸುಂಕ ತೆರುವೆನೆಂಬುದಕ್ಕೆ ಹಣವನ್ನು ಭದ್ರತೆಯಾಗಿ ಇಡಬೇಕು. ಕರ್ತಾಜಿಲ್ಲದ ಹಡಗವು ಸಿಕ್ಕಿದರೆ ಸರಕುಸಹಿತ ಮುಟ್ಟುಗೋಲು. ಮಲಬಾರಿಗೂ ಹೊರ್ಮುಜ್, ಏಡನ್‌ಗಳಿಗೂ ಅಕ್ಕಿಯನ್ನು ಕೊಡುತ್ತಿದ್ದ ಬಾರ್ಕೂರು, ಬಸ್ರೂರುಗಳು ಈ ಬಲೆಯಲ್ಲಿ ಸಿಕ್ಕಿಕೊಂಡುವು. ತಮ್ಮ ಮನೆಯಂಗಳದ ಕಡಲಿನಲ್ಲಿ ಸಾಗುವುದಕ್ಕೆ ನಮ್ಮವರು ಪರದೇಶದವರ ಕಾಗದವನ್ನು ಕೊಂಡುಕೊಳ್ಳಬೇಕಾಯಿತು. ಮರಳಿ ಬರುವೆನೆಂಬ ಭರವಸೆಗಾಗಿ ಪ್ರಯಾಣಿಕನಿಂದಲೇ ಒತ್ತೆಯನ್ನು ತೆಗೆದುಕೊಳ್ಳುವ ಪದ್ಧತಿಯು ಇಲ್ಲಿ ನಮಗೆ ಸ್ಪಷ್ಟವಾಗಿ ಕಾಣಸಿಗುತ್ತದೆ.

ಇವರು ಎಬ್ಬಿಸಿದ ಗೋಡೆಯು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಹತ್ತಿರದ್ದು. ೧೫೧೦ರಲ್ಲಿ ಗೋವೆಯು ಅವರ ವಶವಾದ ಮೇಲೆ, ಮತ್ತು ೧೫೬೦ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾದ ಮೇಲೆ, ಅಲ್ಲಿಂದ ಹೊರಟು ದಕ್ಷಿಣಕ್ಕೆ ಬಂದ ಕೊಂಕಣಿ ಮನೆತನಗಳು ಹಲವು. ಮನೆತನಗಳು ಇಲ್ಲಿ ಬೇರುಬಿಟ್ಟರೂ ಅವರ ಕುಲದೇವತೆಗಳು ಮಂಗೇಶಿ, ಮಾರ್ದೋಳ, ಕವಳೆ ಮೊದಲಾದ ಊರುಗಳಲ್ಲಿ ಉಳಿದರು. ಕುಲದೇವರಿಗೆ ಹಣ್ಣುಕಾಯಿ ಮಾಡಿಸಿ ಬರುವುದೆಂದರೆ ಅವರಿಗೆ ಪರರಾಜ್ಯದ ಯಾತ್ರೆಯೇ ಆಯಿತು. ಭಾರತವು ಸ್ವತಂತ್ರವಾದ ಮೇಲೆಯೂ ಈ ಸ್ಥಿತಿ ತಪ್ಪಲಿಲ್ಲ. ೧೯೫೫ರ ಆಗಸ್ಟ್ ೧೫ರಂದು ಗಡಿಯನ್ನು ದಾಟಿದ ನಿರಾಯುಧರಾದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಭಾರತ ಸರಕಾರವು ಗೋವೆಯಲ್ಲಿದ್ದ ತನ್ನ ದೂತಾವಾಸವನ್ನು ಮುಚ್ಚಿತು. ಹೋಗಿಬರುವಿಕೆಗೆ ಕಠಿಣ ನಿರ್ಬಂಧಗಳು ಬಿದ್ದುವು. ೧೯೬೧ರ ಡಿಸೆಂಬರ್ ೧೯ರಂದು ಗೋವೆಯು ಬಿಡುಗಡೆಯಾದ ಮೇಲೆಯೇ ಆ ದಾರಿ ನಿರಾತಂಕವಾಯಿತು. ಈಗ ಉಡುಪಿಯಲ್ಲಿ ಬೆಳಿಗ್ಗೆ ರೈಲು ಹತ್ತಿದವನು ಅದೇ ದಿನ ಮಂಗೇಶಿಯನ್ನು ಕಾಣಬಹುದು. ೪೫೧ ವರ್ಷಗಳ ಗಡಿಯು ಒಂದೇ ತಲೆಮಾರಿನಲ್ಲಿ ನೆನಪಿನಿಂದಲೂ ಅಳಿಸಿಹೋಗುತ್ತ ಬಂದಿದೆ. ಗಡಿಗಳು ಶಾಶ್ವತವೆಂದು ತಿಳಿಯುವವರಿಗೆ ಇದು ಒಂದು ಪಾಠ.

ಇನ್ನು ಕೇವಲ ನೋಡುವುದಕ್ಕಾಗಿ ಬಂದವರ ವಿಚಾರ. ರೋಮಾ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ೧೬೨೩ರಲ್ಲಿ ಪೋರ್ತುಗೀಜರ ರಾಯಭಾರದೊಡನೆ ಗೋವೆಯಿಂದ ಹೊರಟು, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಬಳಿಕ ತೀರಕ್ಕಿಳಿದು ಬಸ್ರೂರು ಮಂಗಳೂರುಗಳನ್ನು ನೋಡಿದನು. ಅವನು ವರ್ತಕನಲ್ಲ, ಪಾದ್ರಿಯಲ್ಲ, ಸೈನಿಕನೂ ಅಲ್ಲ. ಇಂದಿನ ಅರ್ಜಿಯ ಭಾಷೆಯಲ್ಲಿ ಹೇಳುವುದಾದರೆ ಪ್ರವಾಸಿ. ಉಳ್ಳಾಲದ ರಾಣಿಯನ್ನು ಕಾಣುವ ಆಸೆಯಿಂದ ಅವನು ಮಣೇಲಿಗೆ ಹೋದಾಗ, ರಾಣಿಯು ಬರಿಗಾಲಿನಲ್ಲಿ ನಿಂತು ನೀರಿನ ಕಾಲುವೆಯನ್ನು ತೋಡಿಸುತ್ತಿದ್ದಳು. ದುಭಾಷಿಯ ಮೂಲಕ ಅವನ ದೇಶ ಯಾವುದೆಂದೂ, ಅದನ್ನು ಬಿಟ್ಟು ಇಷ್ಟು ದೂರ ಅಲೆಯುವುದಕ್ಕೆ ಏನು ಕಾರಣವೆಂದೂ, ಪ್ರಿಯರಾದವರ ಮರಣವೇ ಮೊದಲಾದ ದುಃಖವೇನಾದರೂ ಉಂಟೇ ಎಂದೂ ವಿಚಾರಿಸಿದಳು. ತೀರಿಕೊಂಡ ಹೆಂಡತಿಯ ದೇಹವನ್ನು ಸುಗಂಧದ್ರವ್ಯಗಳಲ್ಲಿ ಕಾಪಾಡಿ ಜೊತೆಯಲ್ಲಿಯೇ ಒಯ್ಯುತ್ತಿದ್ದ ಅವನು ಆ ಸಂಗತಿಯನ್ನು ಮುಚ್ಚಿಟ್ಟು, ನಾನಾ ದೇಶಗಳನ್ನೂ ಅಲ್ಲಿಯ ನಡೆನುಡಿಗಳನ್ನೂ ನೋಡುವ ಕುತೂಹಲದಿಂದ ಬಂದೆನೆಂದು ಉತ್ತರಕೊಟ್ಟನು.

ಪ್ರವಾಸದ ಉದ್ದೇಶವೇನೆಂದು ಈಗಿನ ಅರ್ಜಿಗಳಲ್ಲಿ ಇರುವ ಪ್ರಶ್ನೆಯನ್ನೇ ರಾಣಿಯೂ ಕೇಳಿದಳು. ಆದರೆ ಅವಳು ಮುಖವನ್ನು ನೋಡಿ ಕೇಳಿದಳು. ಉತ್ತರಕ್ಕೆ ಸಾಕ್ಷಿಪತ್ರವನ್ನು ಬೇಡಲಿಲ್ಲ. ಇಲ್ಲಿ ಒತ್ತೆಯೆಂದರೆ ಬಂದವನ ಮಾತು.

ಮಾತಿನ ಈ ಕಾಲವು ಮುಗಿದುದು ಮೊದಲನೆಯ ಮಹಾಯುದ್ಧದಲ್ಲಿ. ಅದಕ್ಕೆ ಮೊದಲು ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟಿಲ್ಲದೆ ಸಂಚರಿಸಬಹುದಾಗಿತ್ತು. ಯುದ್ಧಕಾಲದಲ್ಲಿ ಗೂಢಚಾರರ ಭಯದಿಂದ ಬಂದ ನಿರ್ಬಂಧಗಳು ಶಾಂತಿಯಾದ ಮೇಲೆಯೂ ಹೋಗಲಿಲ್ಲ. ೧೯೨೦ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸಿನಲ್ಲಿ ನೆರೆದ ಸಭೆಯು, ಒಂದಲ್ಲ ಒಂದು ದಿನ ಈ ನಿರ್ಬಂಧಗಳು ತೊಲಗಲೆಂದು ಹಾರೈಸುತ್ತಲೇ, ೩೨ ಪುಟಗಳ ಪುಸ್ತಿಕೆಯ ಒಂದು ಮಾದರಿಯನ್ನು ಗೊತ್ತುಮಾಡಿತು. ಹಾರೈಕೆಯು ಮರೆತುಹೋಗಿ ಪುಸ್ತಿಕೆಯು ಉಳಿಯಿತು. ಅದೇ ವರ್ಷ ಬ್ರಿಟಿಷ್ ಸರಕಾರವು ಹಿಂದೂಸ್ಥಾನವನ್ನು ಪ್ರವೇಶಿಸುವವರಿಗೆ ಪಾಸ್‌ಪೋರ್ಟು ಬೇಕೆಂಬ ಕಾನೂನನ್ನು ಮಾಡಿತು. ಈ ಕಾನೂನು ನೂರು ವರ್ಷಗಳಿಗಿಂತಲೂ ಹೆಚ್ಚು ಕಾಲ ಬಾಳಿ, ೨೦೨೫ರ ಹೊಸ ಕಾನೂನಿನಿಂದ ರದ್ದಾಯಿತು.

ಪಾಸ್‌ಪೋರ್ಟು ಎಂಬುದು ಅಬ್ದುರ್ ರಜಾಕನ ಕೈಯಲ್ಲಿದ್ದ ರಾಜಪತ್ರದ ವಂಶದ್ದು. ಇವನು ನಮ್ಮವನು, ಇವನಿಗೆ ದಾರಿ ಬಿಡಿರಿ ಎಂದು ಒಂದು ಸರಕಾರವು ಇನ್ನೊಂದಕ್ಕೆ ಬರೆದ ಓಲೆ. ನಮ್ಮ ದೇಶದಲ್ಲಿ ೧೯೬೭ರ ವರೆಗೆ ಅದನ್ನು ಕೊಡುವುದೂ ಬಿಡುವುದೂ ಸರಕಾರದ ಇಚ್ಛೆಗೆ ಸೇರಿದ್ದಾಗಿತ್ತು. ಆ ವರ್ಷ ಸರ್ವೋಚ್ಚ ನ್ಯಾಯಾಲಯವು ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ, ಪರದೇಶಕ್ಕೆ ಹೋಗುವುದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ತೀರ್ಮಾನ ಕೊಟ್ಟಿತು. ಅದರ ಬೆನ್ನಿಗೇ ಪಾಸ್‌ಪೋರ್ಟು ಕಾನೂನು ಹುಟ್ಟಿತು.

ಹೊರಡುವ ಹಕ್ಕು ಹೀಗೆ ಸಿಕ್ಕಿತು. ಆದರೆ ಹೋಗಿ ಸೇರುವ ಹಕ್ಕು ಯಾರಿಗೂ ಸಿಕ್ಕಿಲ್ಲ. ೧೯೪೮ರಲ್ಲಿ ಸಂಯುಕ್ತರಾಷ್ಟ್ರ ಸಂಸ್ಥೆಯು ಸಾರಿದ ಮಾನವಹಕ್ಕುಗಳ ಘೋಷಣೆಯ ೧೩ನೆಯ ಅನುಚ್ಛೇದವು, ಯಾವ ದೇಶವನ್ನಾದರೂ ಬಿಡುವ ಮತ್ತು ಸ್ವದೇಶಕ್ಕೆ ಮರಳುವ ಹಕ್ಕನ್ನು ಹೇಳುತ್ತದೆ. ಪರದೇಶವನ್ನು ಹೊಗುವ ಹಕ್ಕನ್ನು ಹೇಳುವುದಿಲ್ಲ. ಆ ಬಾಗಿಲಿನ ಕೀಲಿಯು ಆ ಮನೆಯವರಲ್ಲಿಯೇ ಉಳಿದಿದೆ. ಅಮೆರಿಕದ ೧೯೫೨ರ ಕಾನೂನಿನಂತೆ ಸಂದರ್ಶನಕ್ಕಾಗಿ ಬೇಡುವವನು ಅಲ್ಲಿಯೇ ನೆಲಸುವುದಕ್ಕೆ ಬರುವವನೆಂದು ಮೊದಲೇ ಊಹಿಸಿ, ಹಾಗಲ್ಲವೆಂದು ತೋರಿಸುವ ಹೊರೆಯನ್ನು ಅವನ ಮೇಲೆಯೇ ಹೊರಿಸಲಾಗಿದೆ. ಯುರೋಪಿನ ಷೆಂಗೆನ್ ಒಕ್ಕೂಟದ ದೇಶಗಳು ಅಲ್ಪಕಾಲದ ವೀಸಾದ ಮೇಲೆ ೧೮೦ ದಿನಗಳಲ್ಲಿ ೯೦ ದಿನಗಳನ್ನು ಮಾತ್ರ ಕೊಡುತ್ತವೆ. ಅದಕ್ಕೂ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ, ಮರುಪ್ರಯಾಣದ ಏರ್ಪಾಡು, ಖರ್ಚಿಗೆ ಹಣವಿದೆಯೆಂಬುದಕ್ಕೆ ದಾಖಲೆ ಬೇಕು. ಬ್ಯಾಂಕಿನ ಲೆಕ್ಕ, ಆದಾಯತೆರಿಗೆಯ ಕಾಗದ, ಉದ್ಯೋಗದಾತನ ರಜಾಪತ್ರ, ಭೂಮಿಯ ಪಹಣಿ, ಇವೇ ಈ ಕಾಲದ ಒತ್ತೆಗಳು. ಅರಸನ ಮಗನು ಹಡಗವನ್ನೇರಿ ಕುಳಿತ ತೀರದಲ್ಲಿ ಈಗ ಅತಿಥಿಯಾಗಬಯಸುವವನು ತನ್ನ ಮನೆಮಾರುಗಳನ್ನೇ ಕಾಗದದ ಮೇಲೆ ಒತ್ತೆಯಿಡಬೇಕಾಗಿದೆ.

ಇದನ್ನು ಪರದೇಶದವರ ದುರಹಂಕಾರವೆಂದಷ್ಟೇ ಹಳಿಯುವುದು ನ್ಯಾಯವಲ್ಲ. ಗಡುವು ಮೀರಿ ನಿಲ್ಲುವವರು ಉಂಟೆಂಬುದು ಸುಳ್ಳಲ್ಲ. ನಾವೂ ಬಾಗಿಲು ಕಾಯುವವರೇ. ೧೯೫೩ರಲ್ಲಿ ಮಣಿಪಾಲದಲ್ಲಿ ವೈದ್ಯಕಾಲೇಜು ಸ್ಥಾಪಿತವಾದ ಮೇಲೆ ಮಲೇಶಿಯಾ ಮೊದಲಾದ ದೇಶಗಳ ವಿದ್ಯಾರ್ಥಿಗಳು ನಮ್ಮ ನೆರೆಯಲ್ಲಿಯೇ ಬಂದು ಕಲಿತುಹೋದರು. ಅವರೂ ನಮ್ಮ ಸರಕಾರದ ಮುಂದೆ ಅರ್ಜಿ ಹಿಡಿದು ನಿಂತವರೇ. ಪರ್ಕಳದ ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದ ಆ ಹುಡುಗರ ಗಡುವಿನ ಚಿಂತೆಯನ್ನು ನಾವು ಯಾರೂ ವಿಚಾರಿಸಲಿಲ್ಲ. ಬಾಗಿಲ ಒಳಗಿರುವವನಿಗೆ ಬಾಗಿಲು ಕಾಣಿಸುವುದಿಲ್ಲ.

ದೋಷವಿರುವುದು ಒತ್ತೆಯನ್ನು ಕೇಳುವುದರಲ್ಲಲ್ಲ, ಎಂಥದನ್ನು ಒತ್ತೆಯೆಂದು ಎಣಿಸುತ್ತಾರೆಂಬುದರಲ್ಲಿ. ನಮ್ಮ ನೆರೆಯವರ ಅರ್ಜಿಯನ್ನು ತಿರುಗಿ ಓದಿದಾಗ ನನಗೆ ಇದು ಹೊಳೆಯಿತು. ಗಂಡನು ತೀರಿಕೊಂಡ ಮೇಲೆ ಅವರು ಗದ್ದೆಯನ್ನೂ ಮನೆಯನ್ನೂ ಇಬ್ಬರು ಗಂಡುಮಕ್ಕಳ ಹೆಸರಿಗೆ ಪಾಲು ಮಾಡಿಕೊಟ್ಟಿದ್ದರು. ಪಹಣಿಯಲ್ಲಿ ಅವರ ಹೆಸರಿಲ್ಲ, ಬ್ಯಾಂಕಿನಲ್ಲಿ ಹೆಚ್ಚು ಹಣವಿಲ್ಲ, ಉದ್ಯೋಗವಿಲ್ಲ. ಎಲ್ಲವನ್ನೂ ಮಕ್ಕಳಿಗೆ ಕೊಟ್ಟು ನಿಶ್ಚಿಂತರಾದುದೇ ಕಾಗದದ ದೃಷ್ಟಿಯಲ್ಲಿ ಅವರನ್ನು ಬೇರಿಲ್ಲದವರನ್ನಾಗಿ ಮಾಡಿತು. ಐವತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತವರು ಆ ಒಲೆಗೆ ಮರಳುವರೆಂಬುದಕ್ಕೆ ದಾಖಲೆ ಎಲ್ಲಿಂದ ತರುವುದು? ಆಸ್ತಿಯನ್ನು ಮಾತ್ರ ಒತ್ತೆಯೆಂದು ಒಪ್ಪುವ ಕಟ್ಟಳೆಯಲ್ಲಿ ಬಡವರೂ ವೃದ್ಧೆಯರೂ ಕೈಬರಿದಾದವರಾಗುತ್ತಾರೆ. ಉಳ್ಳಾಲದ ರಾಣಿಯ ಮುಂದೆ ನಿಂತು ಒಂದು ಮಾತು ಹೇಳುವ ಅವಕಾಶವಿದ್ದಿದ್ದರೆ ನಮ್ಮ ನೆರೆಯವರಿಗೆ ಅಷ್ಟೇ ಸಾಕಾಗುತ್ತಿತ್ತು.

ಎರಡನೆಯ ಸಲ ಅರ್ಜಿ ಕೊಡುವಾಗ ನಾವು ಹೆಚ್ಚು ಎಚ್ಚರ ವಹಿಸಿದೆವು. ಮೊದಲಿನ ತಿರಸ್ಕಾರವನ್ನು ಮುಚ್ಚಿಡದೆ ಹೇಳಿದೆವು. ಪಾಲುಪಟ್ಟಿಯ ಭಾಷಾಂತರವನ್ನು ಸೇರಿಸಿದೆವು. ತಾಯಿಯು ತಮ್ಮೊಡನೆಯೇ ಇರುವರೆಂದೂ, ಜೀವನಪರ್ಯಂತ ತಾವೇ ನೋಡಿಕೊಳ್ಳುವೆವೆಂದೂ ಇಬ್ಬರು ಮಕ್ಕಳೂ ಪತ್ರ ಬರೆದರು. ಪ್ರಯಾಣದ ಖರ್ಚು ತನ್ನದೆಂದು ಮಗಳು ಬರೆದಳು. ಪರವಾನಗಿ ಬಂದಿತು. ಅವರು ಹೋಗಿ, ಮಗುವನ್ನು ಎತ್ತಿಕೊಂಡು, ಗಡುವಿಗೆ ಒಂಬತ್ತು ದಿನ ಮೊದಲೇ ಮರಳಿ ಬಂದರು. ಬಂದ ಮರುದಿನ ಬೆಳಿಗ್ಗೆ ನನ್ನ ಜಗಲಿಗೆ ಬಂದು, "ಅವರಿಗೆ ತಿಳಿಸಬೇಕಾ ಮಾಸ್ಟ್ರೇ, ನಾನು ಬಂದೆ ಅಂತ?" ಎಂದರು. ತಿಳಿಸಬೇಕಾಗಿಲ್ಲ, ವಿಮಾನ ನಿಲ್ದಾಣದಲ್ಲಿಯೇ ಅವರಿಗೆ ಗೊತ್ತಾಗಿರುತ್ತದೆ ಎಂದೆ.

ಕೊನೆಗೆ ವಾಚಕರಲ್ಲಿ ಒಂದು ವಿಜ್ಞಾಪನೆ. ನಮ್ಮ ಜಿಲ್ಲೆಯಿಂದ ಬರ್ಮಾ, ಸಿಂಹಳ, ಪೂರ್ವ ಆಫ್ರಿಕ, ಕೊಲ್ಲಿಯ ದೇಶಗಳಿಗೆ ಹೋಗಿ ಬಂದವರ ಮನೆಗಳ ಪೆಟ್ಟಿಗೆಗಳಲ್ಲಿ ಹಳೆಯ ಪಾಸ್‌ಪೋರ್ಟುಗಳೂ ಹಡಗದ ಚೀಟಿಗಳೂ ಇರಬಹುದು. ಗೋವೆಯ ದೇವರಿಗೆ ಹೋಗುವುದಕ್ಕೆ ಪಡೆದ ಅನುಮತಿಯ ಕಾಗದಗಳೂ ಇರಬಹುದು. ಅವಧಿ ಮುಗಿದುದೆಂದು ಅವುಗಳನ್ನು ಒಲೆಗೆ ಹಾಕಬೇಡಿರಿ. ಬಾರ್ಕೂರಿನ ಕಟ್ಟಳೆಯನ್ನು ನಾವು ತಿಳಿದುದು ಪರದೇಶದವನೊಬ್ಬನು ಬರೆದಿಟ್ಟುದರಿಂದ. ನಮ್ಮ ಅಜ್ಜ ಅಜ್ಜಿಯಂದಿರು ಯಾವ ಬಾಗಿಲಲ್ಲಿ ನಿಂತರು, ಅವರನ್ನು ಏನು ಕೇಳಿದರು ಎಂಬುದನ್ನಾದರೂ ನಮ್ಮ ಕೈಯಿಂದಲೇ ಬರೆದಿಡೋಣ.